ಗುರುದೇವಿ ಮೋಡದೊಳಗೆ ಹೋದದ್ದು

ಧಾರವಾಡದ ಗುರುದೇವಿಗೆ ಇಂಗ್ಲೆಂಡಿನ ಸಟನ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ. ಅವಳಿಗೆ ಗ್ಲೈಡರಿನ ಹುಚ್ಚು ಹಿಡಿಸಿದವರು ಅಲ್ಲಿಯ ಅರಿವಳಿಕೆ ವೈದ್ಯರು, ಮೈಸೂರಿನ ಸತ್ಯಪ್ರಕಾಶ. ೧೯೯೬ರಲ್ಲಿ ಇಬ್ಬರೂ ಪಾಲು ಹಾಕಿ ಹಳೆಯದೊಂದು ಗ್ಲೈಡರ್ ಕೊಂಡರು. ಶನಿವಾರ ಅವರದು, ಭಾನುವಾರ ಇವಳದು. ಎಂಜಿನ್ನೇ ಇಲ್ಲದ ಆ ವಿಮಾನವನ್ನು ಮೋಡದೊಳಗೆ, ಹೊರಗೇನೂ ಕಾಣದಿದ್ದಾಗ, ಎದುರಿನ ಮಾಪಕಗಳ ಮುಳ್ಳುಗಳನ್ನಷ್ಟೇ ನಂಬಿ ಹಾರಿಸುವುದನ್ನು ಗುರುದೇವಿ ಎರಡು ವರ್ಷ ಪಟ್ಟು ಹಿಡಿದು ಕಲಿತಳು.

೧೯೯೮ರ ಜೂನ್‌ನ ಒಂದು ಭಾನುವಾರ ರೇಡಿಯೋದಲ್ಲಿ ತನ್ನ ಎತ್ತರ ತಿಳಿಸಿ ದೊಡ್ಡದೊಂದು ಮೋಡವನ್ನು ಹೊಕ್ಕಳು. ಸುತ್ತ ಬರೀ ಬೆಳ್ಳಗೆ. ವಿಮಾನ ವಾಲಿದೆಯೋ ಇಲ್ಲವೋ ತೋರಿಸುವ ಹೊರೈಜನ್ ಯಂತ್ರ ‘ನೇರ’ ಎನ್ನುತ್ತಿತ್ತು. ಆದರೆ ಗಾಳಿಯ ಸದ್ದು ಏರಿತು, ವೇಗದ ಮುಳ್ಳೂ ಏರಿತು. ತಿರುವು ತೋರಿಸುವ ಮುಳ್ಳು ಎಡದಂಚಿಗೆ ಹೋಗಿ ಅಂಟಿಕೊಂಡಿತ್ತು. ವಿಮಾನ ಮೂಗು ತಗ್ಗಿಸಿ ಸುತ್ತುತ್ತ ಬೀಳುತ್ತಿತ್ತು! ಸುಳ್ಳು ಹೇಳುತ್ತಿರುವುದು ಹೊರೈಜನ್ ಎಂದು ಅವಳಿಗೆ ಹೊಳೆಯಿತು. ವೇಗ ತಗ್ಗಿಸುವ ಏರ್‌ಬ್ರೇಕ್ ತೆರೆದಳು, ತಿರುವಿನ ಮುಳ್ಳನ್ನು ನಡುವಿಗೆ ತಂದಳು, ಮೂಗನ್ನು ಮೆಲ್ಲಗೆ ಎತ್ತಿದಳು. ಮೋಡದ ಕೆಳಗೆ ಹೊರಬಿದ್ದಾಗ ಹೊಲಗಳು ಓರೆಯಾಗಿ ಕಂಡವು. ವಿಮಾನವನ್ನು ನೇರ ಮಾಡಿಕೊಂಡು ಮೈದಾನಕ್ಕೆ ಇಳಿಸಿದಳು.

ಸತ್ಯಪ್ರಕಾಶ ಗ್ಲೈಡರ್ ಕ್ಲಬ್ಬಿನ ಹೊರಗೆ ಚಹಾ ಕುಡಿಯುತ್ತ ನಿಂತಿದ್ದರು.

“ಡಾಕ್ಟ್ರ, ಹೊರೈಜನ್ ಕೆಟ್ಟೈತಿ.”

“ಓ, ಅದು ನಿನ್ನೇನೇ ಸ್ವಲ್ಪ ವಾಲ್ತಿತ್ತು ಕಣ್ರೀ. ದೋಷದ ಪುಸ್ತಕದಲ್ಲಿ ಬರೆಯೋದು ಮರೆತೆ. ನೀವು ಇವತ್ತೇ ಮೋಡದೊಳಗೆಲ್ಲ ಹೋಗ್ತೀರ ಅಂತ ಯಾರಿಗೆ ಗೊತ್ತು?”

ಅವಳಿಗೆ ಸಿಟ್ಟು ನೆತ್ತಿಗೇರಿತು. ಆಸ್ಪತ್ರೆಯಲ್ಲಿ ಕೆಟ್ಟ ಯಂತ್ರವೊಂದಕ್ಕೆ ‘ಬಳಸಬೇಡಿ’ ಎಂಬ ಚೀಟಿ ಅಂಟಿಸಲಿಲ್ಲವೆಂದು ಅವಳ ಜತೆಗಾರನನ್ನು ಹತ್ತು ಜನರೆದುರು ಬೈದ ಮನುಷ್ಯ ಇವರೇ.

“ನಾ ಹೋಗ್ಲಿ ಬಿಡ್ಲಿ, ಕೆಟ್ಟಿದ್ದು ನಿಮಗ ಗೊತ್ತಿತ್ತಲ್ಲ? ಆಪರೇಶನ್ ಟೇಬಲ್ ಮ್ಯಾಲೂ ಹಿಂಗ ಮಾಡ್ತೀರೇನ್ರಿ?”

ಅವರು ದನಿ ತಗ್ಗಿಸಿದರು. “ಪುಸ್ತಕದಲ್ಲಿ ಬರೀಬೇಡಿ, ಪ್ಲೀಸ್. ನಾನಿಲ್ಲಿ ಇನ್‌ಸ್ಟ್ರಕ್ಟರ್.”

ಅವಳು ಬರೆದಳು. ಏನು ಕೆಟ್ಟಿದೆ, ಯಾರಿಗೆ ಯಾವಾಗ ಗೊತ್ತಿತ್ತು, ಎಲ್ಲವನ್ನೂ. ಆ ಬೇಸಿಗೆ ಮುಗಿಯುವ ತನಕ ಅವರು ಯಾರಿಗೂ ಕಲಿಸಕೂಡದೆಂದು ಕ್ಲಬ್ಬು ತೀರ್ಮಾನಿಸಿತು.

ಮನೆಯಲ್ಲಿ ಗಂಡ ವೀರಣ್ಣ ಗೊಣಗಿದ. “ಎಷ್ಟಂದ್ರೂ ನಮ್ಮ ಕನ್ನಡದ ಮಂದಿ. ಕ್ಷಮಾ ಮಾಡಬಾರದೇನ?”

“ನಾ ಸತ್ತಿದ್ರ ಯಾರಿಗೆ ಕ್ಷಮಾ ಮಾಡ್ತಿದ್ರಿ ನೀವು?”



ಸತ್ಯಪ್ರಕಾಶ ಪಾಲು ಬಿಟ್ಟುಕೊಟ್ಟು ದೂರವಾದರು. ಹೊಸ ಹೊರೈಜನ್ ಹಾಕಿಸಿ ಆಗಸ್ಟಿನಲ್ಲಿ ಗುರುದೇವಿ ಮತ್ತೆ ಮೋಡ ಹೊಕ್ಕಳು. ಒಳಗೆ ಹೊರೈಜನ್ನನ್ನೂ ತಿರುವಿನ ಮುಳ್ಳನ್ನೂ ಒಂದಕ್ಕೊಂದು ತಾಳೆ ನೋಡುತ್ತ ಹಾರಿದಳು.

ಮೂರು ವರ್ಷದ ನಂತರ ಸಟನ್ ಸ್ಟೇಷನ್ನಿನಲ್ಲಿ ಸತ್ಯಪ್ರಕಾಶರ ಹೆಂಡತಿ ವೇದಾ ಎದುರಾಗಿ ಕೈ ಹಿಡಿದುಕೊಂಡರು. “ಆಗಿದ್ದಾಯ್ತು, ಒಂದ್ಸಲ ಮನೆಗೆ ಬನ್ನಿ. ಅವರೂ ತುಂಬ ನೊಂದ್ಕೊಂಡಿದಾರೆ.”

“ನಿಮ್ಮ ಮ್ಯಾಲೆ ನನಗೇನೂ ಸಿಟ್ಟಿಲ್ರಿ, ವೇದಾ ಅವ್ರ,” ಎಂದಳು ಗುರುದೇವಿ. “ಬರ್ತೀನಿ. ಅವ್ರು ಡ್ಯೂಟಿ ಮ್ಯಾಲಿದ್ದ ದಿನ ಹೇಳ್ರಿ.”