ಸಕ್ಕರೆ ಹಾಕದ ಕುಲ್ಫಿ

ಕುಲ್ಫಿಯಣ್ಣನ ಹೆಂಡತಿಗೆ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರಕ್ಕೆ ತೋಳೊಪ್ಪಿಸಿ ನಾಲ್ಕು ಗಂಟೆ ಮಲಗಬೇಕು, ರಕ್ತ ಹೊರಗೆ ಹೋಗಿ ಶುದ್ಧವಾಗಿ ಒಳಗೆ ಬರಬೇಕು. ಅದನ್ನಾದರೂ ಆಕೆ ಹಲ್ಲು ಕಚ್ಚಿ ಸಹಿಸಿಕೊಂಡಳು. ಸಹಿಸಲಾಗದ್ದು ಬಾಯಾರಿಕೆ. ದಿನಕ್ಕೆ ಮೂರೇ ಲೋಟ ನೀರು, ಟೀ ಮತ್ತು ಮಾತ್ರೆಗೂ ಅದರಲ್ಲೇ ಆಗಬೇಕು. ಒದ್ದೆ ಬಟ್ಟೆಯನ್ನು ತುಟಿಗೊತ್ತಿಕೊಂಡು ಕಿಟಕಿಯ ಪಕ್ಕ ಕೂತಿರುತ್ತಿದ್ದಳು. ನಲ್ಲಿಯ ಸದ್ದು ಕೇಳಿದರೆ ಮುಖ ತಾನಾಗಿ ಆ ಕಡೆ ತಿರುಗುತ್ತಿತ್ತು. ಅದನ್ನು ನೋಡಲಾರದೆ ಗಂಡ ಪಾತ್ರೆ ತೊಳೆಯುವಾಗ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದ.

ಇಂಥವಳು ಒಂದು ಶುಕ್ರವಾರ ಬೆಳಿಗ್ಗೆ ಕುಲ್ಫಿ ಕೇಳಿದಳು. ಕುಲ್ಫಿಯಣ್ಣನಿಗೆ ನಂಬಿಕೆಯೇ ಬರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಆಕೆ ಅವನ ಕುಲ್ಫಿಯನ್ನು ನಾಲಿಗೆಗೆ ತಾಗಿಸಿದವಳಲ್ಲ. ಮನೆ, ಹಾಸಿಗೆ, ಗಂಡ ಎಲ್ಲವೂ ಕಾಯಿಸಿದ ಹಾಲಿನ ವಾಸನೆ ಹೊಡೆಯುತ್ತವೆ, ಇನ್ನು ಅದನ್ನು ತಿನ್ನಲೂ ಬೇಕೇ ಎಂದು ಮೂಗು ಮುರಿಯುತ್ತಿದ್ದಳು.

“ಬಾಯಿ ಒಂದ್ಸಲ ತಣ್ಣಗಾದ್ರೆ ಸಾಕು ಕಣ್ರೀ” ಎಂದಳು.

ಅವನು ಆ ದಿನ ಕುಲ್ಫಿ ಮಾರುವ ಗಾಡಿ ಹೊರಡಿಸಲಿಲ್ಲ. ಗಾಡಿಯ ಕುಲ್ಫಿಯ ಕಥೆ ಬೇರೆ. ಅದಕ್ಕೆ ಹಾಲಿನ ಪುಡಿ, ಕಾರ್ನ್‌ಫ್ಲೋರ್, ಹಳದಿ ಬಣ್ಣ, ಕೈತುಂಬ ಸಕ್ಕರೆ ಎಲ್ಲವನ್ನೂ ಯಾವ ನಾಚಿಕೆಯೂ ಇಲ್ಲದೆ ಸುರಿಯುತ್ತಿದ್ದ. ಹೆಂಡತಿಗೆ ಅದಾಗದು. ಆಕೆಗೆ ಕೊಡುವುದು ಔಷಧಿಯಷ್ಟು ಶುದ್ಧವಾಗಿರಬೇಕು ಎಂದು ಹಟ ತೊಟ್ಟ. ಸಕ್ಕರೆ ವಿಷ ಎಂದು ಗಾಡಿಯ ಮುಂದೆ ನಿಂತ ಗಿರಾಕಿಗಳೇ ದಿನಾ ಉಪದೇಶ ಮಾಡಿ, ಎರಡೆರಡು ತಿಂದು ಹೋಗುತ್ತಿದ್ದರು. ಹಾಗಾಗಿ ಸಕ್ಕರೆಯ ಬದಲು ಖರ್ಜೂರ. ಬಣ್ಣದ ಬದಲು ನಾಲ್ಕು ಎಳೆ ಕೇಸರಿ. ಶಕ್ತಿಗೆ ಪಿಸ್ತಾ, ಬಾದಾಮಿ.

ಆಸ್ಪತ್ರೆಯವರು ಕೊಟ್ಟ ಪಥ್ಯದ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಅದನ್ನೂ ನೋಡಿದ, ಇಲ್ಲವೆನ್ನುವಂತಿಲ್ಲ. ನೀರು ಮೂರು ಲೋಟ, ಹಾಲು ಅರ್ಧ ಲೋಟ ಎಂದಿತ್ತು. ಅಷ್ಟು ಓದಿ ಅವನಿಗೆ ನಗು ಬಂತು. ನೀರು ಕೂಡದು ಎನ್ನುವುದಾದರೆ ಅದಕ್ಕೆ ತನಗಿಂತ ತಕ್ಕವನು ಯಾರಿದ್ದಾರೆ? ಹಾಲಿನಿಂದ ನೀರು ಓಡಿಸುವುದೇ ಅವನ ಕಸುಬು. ಹಾಳೆಯನ್ನು ತಿರುಗಿಸಿ ಹಿಂಬದಿಯನ್ನು ಓದುವ ಗೋಜಿಗೆ ಹೋಗಲಿಲ್ಲ. ಅಲ್ಲಿ ತಿನ್ನಬಾರದವುಗಳ ಪಟ್ಟಿಯಿತ್ತು.

ಎರಡು ಲೀಟರ್ ಗಟ್ಟಿ ಹಾಲನ್ನು ಸಣ್ಣ ಉರಿಯಲ್ಲಿಟ್ಟ. ಪಾತ್ರೆಯ ಅಂಚಿಗೆ ಕಟ್ಟಿದ ಕೆನೆಯನ್ನು ಮರದ ಸೌಟಿನಿಂದ ಕೆರೆದು ಒಳಗೆ ತಳ್ಳುತ್ತಾ, ತಳ ಹಿಡಿಯದಂತೆ ಕಣ್ಣಲ್ಲಿ ಕಣ್ಣಿಟ್ಟು ಮೂರು ಗಂಟೆ ನಿಂತ. ಎರಡು ಲೀಟರ್ ಎರಡು ಲೋಟವಾಯಿತು. ನೆನೆಸಿದ ಖರ್ಜೂರ ಅರೆದು ಬೆರೆಸಿ, ಎಂಟು ಅಚ್ಚಿಗೆ ತುಂಬಿದ. ಒಂದೊಂದು ಅಚ್ಚು ಕಾಲು ಲೋಟದ್ದು. ದಿನಕ್ಕೆರಡು ಕೊಟ್ಟರೆ ಅರ್ಧ ಲೋಟ, ಹಾಳೆಯಲ್ಲಿ ಬರೆದಷ್ಟೇ. ಲೆಕ್ಕ ಸರಿಹೋಯಿತೆಂದು ಎದೆಯುಬ್ಬಿಸಿ, ಮಧ್ಯಾಹ್ನ ಅವಳನ್ನು ಯಂತ್ರಕ್ಕೆ ಕರೆದುಕೊಂಡು ಹೋದ.

ವಾಪಸು ಬಂದ ಮೇಲೆ ಮೊದಲನೆಯದು ಕೊಟ್ಟ. ಆಕೆ ಕಣ್ಣು ಮುಚ್ಚಿ ಚೀಪಿದಳು. ಕಡ್ಡಿಯನ್ನೂ ಬಿಡಲಿಲ್ಲ. ಇಷ್ಟು ಚೆನ್ನಾಗಿ ಮಾಡಲು ಬರುತ್ತಿದ್ದರೆ ಮೂವತ್ತು ವರ್ಷ ಊರಿಗೆಲ್ಲ ಆ ಹಳದಿ ಗಂಜಿ ಏಕೆ ಮಾರಿದಿರಿ ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ಬಂದ ಕುಚೋದ್ಯ ಅದು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಶುಕ್ರವಾರ ಎರಡು, ಶನಿವಾರ ಎರಡು, ಭಾನುವಾರ ಎರಡು.

ಭಾನುವಾರ ಸಂಜೆ ಕಾಲು ಭಾರವಾಗಿದೆ, ತನ್ನ ಕಾಲೇ ಅಲ್ಲವೆನಿಸುತ್ತಿದೆ ಎಂದಳು. ನಾಳೆ ಹೇಗೂ ಆಸ್ಪತ್ರೆಯಿದೆಯಲ್ಲ ಎಂದು ಇಬ್ಬರೂ ಸುಮ್ಮನಾದರು. ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಮೂರನೆಯ ಮೆಟ್ಟಿಲಲ್ಲಿ ಮೊಣಕಾಲು ಮಡಚಿ ಕುಸಿದಳು. ಒಳಗೆ ಅರ್ಧ ಗಂಟೆ ಎದೆ ಒತ್ತಿದರು. ಹೃದಯ ಮತ್ತೆ ಹೊಡೆದುಕೊಳ್ಳಲಿಲ್ಲ.

ಯಂತ್ರದ ಕೋಣೆಯ ನರ್ಸ್ ಅವನನ್ನು ಬೆಂಚಿನ ಮೇಲೆ ಕೂರಿಸಿ, ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ವಿಪರೀತ ಏರಿ ಹೃದಯ ನಿಂತಿತು, ಮನೆಯಲ್ಲಿ ಏನು ತಿಂದಿದ್ದರು ಎಂದು ವಿಚಾರಿಸಿದಳು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಸಕ್ಕರೆ ಒಂದು ಚಿಟಿಕೆಯೂ ಹಾಕಿಲ್ಲ ಎಂಬುದನ್ನು ಎರಡು ಸಲ ಹೇಳಿದ.

ನರ್ಸ್ ಪೆನ್ನು ಕೆಳಗಿಟ್ಟಳು. ಸಕ್ಕರೆಯಿಂದ ಆಕೆಗೆ ಅಪಾಯವಿರಲಿಲ್ಲ. ಅಪಾಯ ಇದ್ದದ್ದು ಖರ್ಜೂರದಲ್ಲಿ, ಪಿಸ್ತಾದಲ್ಲಿ, ಹಾಲಿನಲ್ಲಿ ಎಂದಳು.

“ಹಾಲು ದಿನಕ್ಕೆ ಅರ್ಧ ಲೋಟಾನೇ ಕೊಟ್ಟಿದ್ದು, ಅಮ್ಮ” ಎಂದ.

“ಅದು ಅರ್ಧ ಲೀಟರ್ ಆಯ್ತಲ್ಲ ಯಜಮಾನ್ರೇ. ಕುದಿಸಿದ್ರೆ ಹೋಗೋದು ನೀರು ಮಾತ್ರ. ಮಿಕ್ಕಿದ್ದೆಲ್ಲ ಅದರಲ್ಲೇ ಇರುತ್ತೆ.”

ಈ ಮಾತನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜಗತ್ತಿನಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು ಅದೊಂದೇ. ಅವನ ಮುಖ ಕಂಡು ನರ್ಸ್ ಪಕ್ಕದಲ್ಲಿ ಕೂತಳು. ಗೊತ್ತಿಲ್ಲದೆ ಆದದ್ದು, ಇದನ್ನು ಮನೆಯವರಿಗೆಲ್ಲ ಹೇಳುತ್ತಾ ಕೂರಬೇಡಿ ಎಂದು ಹೆಗಲು ತಟ್ಟಿ ಕಳಿಸಿದಳು.

ಮಗಳು ಮಧ್ಯಾಹ್ನದ ಬಸ್ಸಿಗೆ ಬಂದಳು. ಪರವೂರಿನಲ್ಲಿ ಬಟ್ಟೆ ಹೊಲಿಯುವವಳು. ತಾಯಿಯ ತಲೆಯ ಬಳಿ ಕೂತು ಅತ್ತು ಅತ್ತು ಕೊನೆಗೆ ಅಪ್ಪನ ಕೈ ಹಿಡಿದುಕೊಂಡಳು. ಶನಿವಾರ ಫೋನಿನಲ್ಲಿ ಅಮ್ಮ ಕುಲ್ಫಿಯನ್ನು ಹೊಗಳಿದ್ದೇ ಹೊಗಳಿದ್ದು, ನಿಮ್ಮಪ್ಪ ಈಗ ಕೆಲಸ ಕಲಿತ ಎಂದು ನಕ್ಕಳಂತೆ.

“ಕೊನೇಗೆ ಅವಳ ಬಾಯಿಗೆ ಹಿತವಾದದ್ದು ಕೊಟ್ಟೆಯಲ್ಲಪ್ಪ, ನನಗಷ್ಟು ಸಾಕು.”

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಂದ ಆಗಲಿಲ್ಲ. ಖರ್ಜೂರದಿಂದ ಹಿಡಿದು ಎರಡು ಲೀಟರ್ ಹಾಲಿನ ತನಕ ಎಲ್ಲವನ್ನೂ ಹೇಳಿದ. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು.

“ಕೊಡೋ ಮುಂಚೆ ಆಸ್ಪತ್ರೆಯವರನ್ನ ಒಂದು ಮಾತು ಕೇಳಬಾರದಿತ್ತಾ?”

“ಹಾಲಿನ ವಿಷಯ ತಾನೆ, ಅವರನ್ನೇನು ಕೇಳೋದು ಅಂದ್ಕೊಂಡೆ.”

ಮಗಳು ಹಿಡಿದ ಕೈಯನ್ನು ಬಿಡಲಿಲ್ಲ. ಆದರೆ ಆ ದಿನವೆಲ್ಲ ಮತ್ತೆ ಅವನ ಮುಖ ನೋಡಲಿಲ್ಲ.