ಗಿರಿಜಕ್ಕ ಹೊತ್ತ ತಪ್ಪು

ಗಿರಿಜಕ್ಕ ಯಾರ ಮುಖವನ್ನೂ ಕನ್ನಡಿಯಲ್ಲಿ ನೋಡುತ್ತಿರಲಿಲ್ಲ. ಬಂದವರ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ, ಜೋಳದಲ್ಲಿ ಕಲ್ಲು ಆರಿಸುವವಳ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಒಂದು ನಿಮಿಷ, ಎರಡು ನಿಮಿಷ. ನೋಡಿಸಿಕೊಳ್ಳುವವರಿಗೆ ನಗು ಬರಬೇಕು, ಇಲ್ಲವೇ ಅಳು ಬರಬೇಕು. ಕಡೆಗೆ ಬಹಳ ಸಲ ಆಕೆ ಹೇಳುತ್ತಿದ್ದದ್ದು ಒಂದೇ ಮಾತು: "ನಿನಗೇನೂ ಬ್ಯಾಡವಾ. ನೀರು ಕುಡಿ, ಲಗೂ ಮಲಕೋ. ಮನಿಗೆ ನಡಿ." ಬ್ಯೂಟಿ ಪಾರ್ಲರ್ ಇಟ್ಟುಕೊಂಡು ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವ ಹೆಂಗಸನ್ನು ನಾನು ನಮ್ಮ ಬ್ಯಾಡಗಿಯಲ್ಲಷ್ಟೇ ಅಲ್ಲ, ಎಲ್ಲಿಯೂ ಕಂಡಿಲ್ಲ.

ಗುತ್ತಲದ ಕಡೆಯವಳು. ಗಂಡ ತೀರಿಕೊಂಡ ಮೇಲೆ ರಾಣೆಬೆನ್ನೂರಿನಲ್ಲಿ ಕೆಲಸ ಕಲಿತು ಬಂದು ನಮ್ಮ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಬೆಳ್ಳಗಾಗುವ ಕ್ರೀಮು ಕೇಳಿದರೆ ರೇಗುತ್ತಿದ್ದಳು. ಒಮ್ಮೆ ಕರ್ಜಗಿಯ ತಾಯಿಯೊಬ್ಬಳು ಮಗಳನ್ನು ಕರೆತಂದು, "ಸೋಮವಾರ ನೋಡಾಕ ಬರ್ತಾರ, ಎರಡು ದಿನದಾಗ ಬೆಳ್ಳಗ ಮಾಡಿಕೊಡ್ರಿ" ಎಂದಳು. ಗಿರಿಜಕ್ಕ ಹುಡುಗಿಯನ್ನು ಬಿಟ್ಟು ತಾಯಿಯ ಗದ್ದವನ್ನೇ ಬೆಳಕಿಗೆ ತಿರುಗಿಸಿದಳು. "ನಿಮ್ಮನ್ನ ನೋಡಾಕ ಬಂದಾಗ ಯಾರು ಬೆಳ್ಳಗ ಮಾಡಿದ್ರು? ನೀವೂ ಇದಽ ಬಣ್ಣ ಅದೀರಿ." ಸಿಟ್ಟಿನಿಂದ ಎದ್ದ ತಾಯಿ ನಕ್ಕುಬಿಟ್ಟಳು.

ನನ್ನ ಮಗಳು ಸಹನಾ ಒಂಬತ್ತನೇ ತರಗತಿಯಲ್ಲಿದ್ದಾಗ ಮುಖದ ತುಂಬ ಮೊಡವೆ. ಮೊಬೈಲಿನಲ್ಲಿ ನೋಡಿ ನಿಂಬೆರಸ, ಟೂತ್‌ಪೇಸ್ಟು ಎಲ್ಲ ಮೆತ್ತಿಕೊಂಡು, ಕೊನೆಗೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡೇ ಹೊರಗೆ ಹೋಗತೊಡಗಿದಳು. ನಾನು ಶಾಲೆಯ ಅಕ್ಕೋರು, ಮಂದಿಯ ಮಕ್ಕಳಿಗೆ ಬುದ್ಧಿ ಹೇಳುವವಳು. ನನ್ನ ಮಗಳು ಮಾತ್ರ ತನ್ನ ಮುಖವನ್ನು ನನಗೂ ಮುಟ್ಟಗೊಡುತ್ತಿರಲಿಲ್ಲ. ಗಿರಿಜಕ್ಕನ ಹತ್ತಿರ ಕರೆದೊಯ್ದು ಇದನ್ನೂ ಹೇಳಿಕೊಂಡೆ. ಆಕೆ ಅರ್ಧ ತಾಸು ಕೂರಿಸಿಕೊಂಡು ಮುಖ ತೊಳೆಯುವುದನ್ನೇ ಕಲಿಸಿದಳು. "ಹಂಗ ತಿಕ್ಕಬ್ಯಾಡ, ಅದೇನು ಬೋಗುಣಿ ಅಲ್ಲ." ಒಂದು ಸಾದಾ ಕ್ರೀಮು ಕೊಟ್ಟಳು. ಸಹನಾ ಮೆಲ್ಲಗೆ ಲಿಪ್‌ಸ್ಟಿಕ್ ಕೇಳಿದಾಗ ತಿಳಿ ಗುಲಾಬಿಯದೊಂದು ತೆಗೆದು, "ಇದು ಮದವಿಗೆ ಹೋಗುವಾಗ ಅಷ್ಟ. ಸಾಲಿಗೆ ಹಚ್ಕೊಂಡು ಹೋದ್ರ ನಿಮ್ಮವ್ವ ನನ್ನ ಕೊಲ್ತಾಳ" ಎಂದಳು. ಬಹಳ ದಿನಗಳ ಮೇಲೆ ನನ್ನ ಮಗಳು ನಕ್ಕಳು.

ಮೂರನೇ ದಿನ ಸಂಜೆ ಅವಳೇ ಡಬ್ಬಿ ಹಿಡಿದು ಬಂದು, "ಅವ್ವಾ, ನೀನಽ ಹಚ್ಚು" ಎಂದು ಮುಖ ಒಡ್ಡಿದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಂಗಳದಲ್ಲಿ ವರ್ಷದ ಖಾರಪುಡಿಗೆಂದು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಿದ್ದೆ. ಬಣ್ಣಕ್ಕೆ ನಮ್ಮೂರಿನದು, ಖಾರಕ್ಕೆ ಗುಂಟೂರಿನದು. ಎದ್ದು ಸಾಬೂನು ಹಾಕಿ ಕೈ ತೊಳೆದುಕೊಂಡು ಹಚ್ಚಿದೆ. ಹತ್ತು ನಿಮಿಷದಲ್ಲಿ ಹುಡುಗಿ ಮುಖ ಹಿಡಿದುಕೊಂಡು ಚೀರತೊಡಗಿತು. ಬೆಳಿಗ್ಗೆ ಕೆನ್ನೆಗಳು ಕೆಂಪಗೆ ಉಬ್ಬಿದ್ದವು.

ಅವಳನ್ನು ಎಳೆದುಕೊಂಡೇ ಪಾರ್ಲರಿಗೆ ನುಗ್ಗಿದೆ. ಅಲ್ಲಿದ್ದ ನಾಲ್ವರು ಹೆಂಗಸರ ಎದುರಿಗೆ ಬಾಯಿಗೆ ಬಂದದ್ದು ಅಂದೆ. ಗಿರಿಜಕ್ಕ ಸಹನಾಳ ಮುಖ ನೋಡಿ, "ಯಾರು ಹಚ್ಚಿದ್ರು?" ಎಂದಳು.

"ನಾನಽ ನನ್ನ ಕೈಯಾರ ಹಚ್ಚೇನಿ."

ಆಕೆ ನನ್ನ ಬಲಗೈ ಹಿಡಿದು ಬೆರಳು ಮೂಸಿದಳು. ಒಮ್ಮೆ ನನ್ನನ್ನು, ಒಮ್ಮೆ ಮಗಳನ್ನು ನೋಡಿದಳು. "ತಪ್ಪು ನಂದಽ ಐತ್ರಿ ಅಕ್ಕೋರ. ಡಬ್ಬಿ ಹಳೇದಿತ್ತು ಕಾಣ್ತದ" ಎಂದು ಕೈ ಬಿಟ್ಟಳು.

ಗೆದ್ದವಳ ಹಾಗೆ ಹೊರಬಿದ್ದೆ. ಸಹನಾ ಮುಂದೆ ನಡೆಯುತ್ತಿದ್ದಳು. ಆಕೆ ಯಾಕೆ ಮೂಸಿದಳೆಂದು ನಾನೂ ಬೆರಳು ಮೂಸಿ ನೋಡಿದೆ. ಏನೂ ತಿಳಿಯಲಿಲ್ಲ. ಸುಗ್ಗಿಯಲ್ಲಿ ಊರಿಗೆ ಊರೇ ಮೆಣಸಿನಕಾಯಿ ಘಾಟು. ನಮ್ಮ ಮೂಗಿಗೆ ಅದು ಗೊತ್ತಾಗುವುದು ನಿಂತು ಎಷ್ಟೋ ವರ್ಷವಾಗಿದೆ. ಬೆರಳನ್ನು ಕಣ್ಣಿನ ರೆಪ್ಪೆಗೆ ಒತ್ತಿದೆ. ಉರಿ ಹತ್ತಿಕೊಂಡಿತು. ಸಾಬೂನಿಗೆ ಖಾರ ಹೋಗಿರಲಿಲ್ಲ.

ತಿರುಗಿ ಹೋಗಬೇಕಿತ್ತು. ಪಾರ್ಲರಿನ ಬಾಗಿಲು ಇನ್ನೂ ಕಾಣುತ್ತಿತ್ತು. ಹೋಗಲಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಒಬ್ಬರು, "ಖರೇ ಏನ್ರಿ, ಆಕಿ ಕ್ರೀಮಿನಿಂದಽ ಆತಂತ?" ಎಂದು ಕೇಳಿದಾಗ, "ಖರೇರಿ" ಎಂದೆ. ಅಕ್ಕೋರ ಮಾತೆಂದು ಊರು ನಂಬಿತು. ಹುಡುಗಿಯರು ಅಲ್ಲಿಗೆ ಬರುವುದು ನಿಂತಿತು. ಐದಾರು ತಿಂಗಳಲ್ಲಿ ಗಿರಿಜಕ್ಕ ಕೋಣೆ ಖಾಲಿ ಮಾಡಿ ಹಾವೇರಿಗೆ ಹೋದಳು. ಆಗ ನನಗೆ ನಾಚಿಕೆಗಿಂತ ಹೆಚ್ಚಾಗಿ ಹಾಯೆನಿಸಿತ್ತು, ಇನ್ನು ಆಕೆಯ ಮುಖ ನೋಡಬೇಕಾಗಿಲ್ಲ ಎಂದು. ಅದನ್ನು ಬರೆಯುವಾಗ ಮೈ ಹಿಡಿಯಾಗುತ್ತದೆ.

ಕಳೆದ ವರ್ಷ ಹಾವೇರಿ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಬಹಳ ಇಳಿದುಹೋಗಿದ್ದಳು. ತಡೆಯಲಾಗದೆ ಅಲ್ಲೇ ಎಲ್ಲ ಹೇಳಿಬಿಟ್ಟೆ.

"ಗೊತ್ತಿತ್ರಿ" ಎಂದಳು.

"ಮತ್ತ ಅವತ್ತಽ ಯಾಕ ಅನ್ನಲಿಲ್ಲ?"

"ಹುಡುಗಿ ಅಲ್ಲೇ ನಿಂತಿತ್ತಲ್ರಿ. ಆಗಷ್ಟ ನಿಮ್ಮ ಕೈಗೆ ಮುಖಾ ಕೊಟ್ಟಿತ್ತು. ನಾ ಅಂದಿದ್ರ ಮತ್ತ ಕೊಡ್ತಿತ್ತೇನು?"

ಗುತ್ತಲದ ಬಸ್ಸು ಬಂತು. ಹತ್ತುವಾಗ ತಿರುಗಿ, "ಈಗ ದೊಡ್ಡಾಕಿ ಆಗ್ಯಾಳ. ಆಕಿಗೆ ಹೇಳೀರಿಲ್ಲೋ?" ಎಂದು ಕೇಳಿದಳು.

"ಹೇಳೇನ್ರಿ" ಎಂದೆ. ಹೇಳಿರಲಿಲ್ಲ.

ಹೋದ ತಿಂಗಳು ಸಹನಾ ಕಾಲೇಜಿನಿಂದ ಬಂದವಳು ಬ್ಯಾಗು ಇಳಿಸುತ್ತಲೇ ಅಂದಳು: "ಅವ್ವಾ, ನನ್ನ ಮುಖಾ ಸುಟ್ಟಿದ್ಲಲ್ಲ ಆ ಗಿರಿಜಕ್ಕ, ತೀರಿಕೊಂಡ್ಲಂತ. ಪಾಪ ಅನ್ನಾಕೂ ಮನಸ್ಸು ಬರವಲ್ದು ನೋಡು."

ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. "ಹೌದೇನು?" ಎಂದೆ.