ಬಸ್ಸಿನಿಂದಲೇ ಜಿನೋವಾ

ಗೆಳೆಯರೇ, ಇವತ್ತು ಅನ್ನ-ಸಾರಿನ ಎದುರು ಇಟಲಿಯ ಒಂದು ಹಳೆಯ ಬಂದರು ನಗರ ಸೋತುಹೋಯಿತು. ಸೋತದ್ದು ವಿದ್ಯಾರಣ್ಯಪುರದಲ್ಲಿ, ನಮ್ಮ ಯುರೋಪ್ ಪ್ರವಾಸದ ಮೀಟಿಂಗಿನಲ್ಲಿ.

"ಜಿನೋವಾದಲ್ಲಿ ಇಳಿದ್ರೆ ಮುಂದಿನ ಊರಿನ ಅನ್ನ-ಸಾರಿನ ಊಟಕ್ಕೆ ಮೂರು ಗಂಟೆ ಆಗೋಗುತ್ತೆ. ಬಸ್ಸಿಂದಾನೇ ತೋರಿಸಿಬಿಡೋಣ್ವಾ?" ಎಂದು ಟೂರ್ ಮ್ಯಾನೇಜರ್ ಕೇಳಿದ. ಸುತ್ತಲಿದ್ದವರೆಲ್ಲ ಕೈ ಎತ್ತಿದರು.

ಅಮ್ಮ ಮಾತ್ರ ಎದ್ದು ನಿಂತರು. ಮೂವತ್ತು ವರ್ಷ ಯಲಹಂಕದ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಆ ಬಂದರನ್ನು, ಅದರ ಹಳೆಯ ಲೈಟ್‌ಹೌಸನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದರೋ. "ಒಂದರ್ಧ ಗಂಟೆ ಇಳಿಸಿ, ಸಾಕು. ನಾನು ಬಿಸ್ಕೆಟ್ ತಿಂದ್ಕೊಂಡಿರ್ತೀನಿ" ಎಂದರು.

"ಅಮ್ಮಂಗೆ ಶುಗರ್ ಇದೆ, ಟೈಮಿಗೆ ಊಟ ಆಗ್ಲೇಬೇಕು" ಎಂದು ನಾನೇ ಹೇಳಿದೆ. ಹೇಳಿ, ನಾನೂ ಕೈ ಎತ್ತಿದೆ. ಅಮ್ಮ ಕೂತುಕೊಂಡರು.

ಮನೆಗೆ ಬರುವಾಗ ಆಟೋದಲ್ಲಿ ಅವರು ಕೇಳಿದ್ದು ಒಂದೇ: "ಲೈಟ್‌ಹೌಸು ಬಸ್ಸಿನ ಎಡಕ್ಕೆ ಬರುತ್ತಾ, ಬಲಕ್ಕಾ? ವಿಚಾರಿಸಿ ಹೇಳು."

ಮ್ಯಾನೇಜರ್‌ಗೆ ಫೋನ್ ಮಾಡಿದೆ. "ಅಲ್ಲಿ ರೋಡು ಬರೀ ಸುರಂಗದಲ್ಲೇ ಹೋಗುತ್ತೆ ಸರ್. ಏನೂ ಕಾಣ್ಸಲ್ಲ" ಎಂದ.

ಅಮ್ಮನಿಗೆ ಎಡಕ್ಕೆ ಎಂದು ಹೇಳಿದ್ದೇನೆ. ಎಡಗಡೆಯ ಕಿಟಕಿ ಸೀಟನ್ನೂ ಬುಕ್ ಮಾಡಿಸಿದ್ದೇನೆ.